ಅಸಿಟ್ರಾಮ್, ವಾರ್ಫರಿನ್, ಅಪಿಕ್ಸಬಾನ್: ಯಾವ ಮಾತ್ರೆಗೆ ಯಾವ ಪಥ್ಯ?

"ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದ್ದಾರೆ, ಇನ್ನು ಮನೆಯಲ್ಲಿ ಸೊಪ್ಪು ತರೋ ಹಾಗಿಲ್ಲ." ಹೃದಯದ ತೊಂದರೆ ಇರುವವರ ಮನೆಗಳಲ್ಲಿ ಇದು ಆಗಾಗ ಕೇಳಿಬರುವ ಮಾತು. ಇದಕ್ಕೆ ಉತ್ತರ ಹೇಳುವ ಮೊದಲು ಸ್ಟ್ರಿಪ್ ತಿರುಗಿಸಿ ಹಿಂಬದಿಯ ಹೆಸರು ಓದಬೇಕು. ಒಂದೇ ಹೆಸರಿನಿಂದ ಕರೆಯುವ ಈ ಮಾತ್ರೆಗಳಲ್ಲಿ ಮೂರು ಗುಂಪುಗಳಿವೆ. ಸೊಪ್ಪಿಗೂ ಮಾತ್ರೆಗೂ ನಂಟು ಇರುವುದು ಅವುಗಳಲ್ಲಿ ಒಂದು ಗುಂಪಿಗೆ ಮಾತ್ರ. ಆ ಗುಂಪಿನವರೂ ಸೊಪ್ಪು ಬಿಡಬೇಕಾಗಿಲ್ಲ.

ಮೊದಲ ಗುಂಪು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. ಎಕೋಸ್ಪ್ರಿನ್ ಎಂದು ಎಲ್ಲರಿಗೂ ಗೊತ್ತಿರುವುದು ಆಸ್ಪಿರಿನ್ನೇ. ಇವು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯಾಘಾತ ಆದವರಿಗೆ ಕೊಡುವುದು ಇವನ್ನೇ. ಸೊಪ್ಪಿನಲ್ಲಿ ಹೇರಳವಾಗಿರುವ, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಜೊತೆ ಇವಕ್ಕೆ ಸಂಬಂಧವಿಲ್ಲ, ಹಾಗಾಗಿ ಸೊಪ್ಪಿನ ಪಥ್ಯವೂ ಇಲ್ಲ. ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಗ್ಯಾಸ್ಟ್ರಿಕ್‌ಗೆಂದು ಒಮೆಪ್ರಜೋಲ್ ನುಂಗುತ್ತಿದ್ದರೆ ವೈದ್ಯರಿಗೆ ಹೇಳಬೇಕು, ಅದು ಕ್ಲೊಪಿಡೊಗ್ರೆಲ್‌ನ ಬಲ ಕುಗ್ಗಿಸುತ್ತದೆ. ಸಾಮಾನ್ಯವಾಗಿ ಅದರ ಬದಲು ಪ್ಯಾಂಟೊಪ್ರಜೋಲ್ ಕೊಡುತ್ತಾರೆ.

ಎರಡನೆಯದು ವಿಟಮಿನ್ ಕೆ ವಿರೋಧಿಗಳ ಗುಂಪು: ವಾರ್ಫರಿನ್ ಮತ್ತು ಅಸಿನೊಕೌಮರಾಲ್. ಅಸಿನೊಕೌಮರಾಲನ್ನು ನಮ್ಮಲ್ಲಿ ಬಹುತೇಕರು ಅಸಿಟ್ರಾಮ್ ಎಂಬ ಬ್ರ್ಯಾಂಡ್ ಹೆಸರಿನಲ್ಲೇ ಕರೆಯುತ್ತಾರೆ. ಕೆಲವು ಸ್ಟ್ರಿಪ್‌ಗಳ ಮೇಲೆ ನಿಕೌಮಲೋನ್ ಎಂಬ ಹಳೆಯ ಹೆಸರಿರುತ್ತದೆ, ಔಷಧ ಅದೇ. ಮೂರನೆಯದು ಹೊಸ ಗುಂಪು: ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್. ವೈದ್ಯರು ಇವನ್ನು ಡೋಯಾಕ್ ಅಥವಾ ನೋಯಾಕ್ ಎನ್ನುತ್ತಾರೆ. ಮುಂದಿನ ಹೋಲಿಕೆಯೆಲ್ಲ ಈ ಎರಡು ಗುಂಪುಗಳ ನಡುವೆ.

ಆಯ್ಕೆ ಇರುವುದು ಎಲ್ಲರಿಗೂ ಅಲ್ಲ

"ಹೊಸ ಮಾತ್ರೆಗೆ ಪಥ್ಯವೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ, ಅದಕ್ಕೇ ಬದಲಾಯಿಸಿ" ಎಂದು ಕೇಳುವ ಮುಂಚೆ ಕಾಯಿಲೆ ಯಾವುದು ಎಂದು ನೋಡಬೇಕು.

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಹೊಸ ಗುಂಪಿನ ಯಾವ ಮಾತ್ರೆಯೂ ಸಲ್ಲದು. ಡಾಬಿಗಾಟ್ರಾನ್ ಕೊಟ್ಟು ನಡೆಸಿದ ಪ್ರಯೋಗವನ್ನು ವಾಲ್ವ್‌ನಲ್ಲಿ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು, ರಕ್ತಸ್ರಾವ ಎಲ್ಲವೂ ಹೆಚ್ಚಾದ್ದರಿಂದ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಅದರ ವರದಿ ಬಂದದ್ದು 2013ರಲ್ಲಿ. ಅಪಿಕ್ಸಬಾನ್ ಪ್ರಯೋಗವೂ 2022ರಲ್ಲಿ ಹಾಗೆಯೇ ನಿಂತಿತು. ಪ್ರಾಣಿಯ ಅಂಗಾಂಶದಿಂದ ಮಾಡಿದ ವಾಲ್ವ್‌ನ ಲೆಕ್ಕ ಬೇರೆ. ಆದ್ದರಿಂದ ಹಾಕಿರುವುದು ಯಾವ ವಾಲ್ವ್ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇದೆಯೇ ನೋಡಿಟ್ಟುಕೊಳ್ಳಿ.

ಬಾಲ್ಯದ ರುಮಾಟಿಕ್ ಜ್ವರದಿಂದ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಕಿರಿದಾದವರಿಗೂ ಹಳೆಯ ಮಾತ್ರೆಯೇ, ಅಂದರೆ ವಾರ್ಫರಿನ್ ಅಥವಾ ಅಸಿಟ್ರಾಮೇ ಸರಿ. ನಮ್ಮಲ್ಲಿ ಈ ಕಾಯಿಲೆ ಇನ್ನೂ ಸಾಕಷ್ಟಿದೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಸುಮಾರು 4,500 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ, ರಿವರೋಕ್ಸಬಾನ್ ತೆಗೆದುಕೊಂಡವರಿಗಿಂತ ವಿಟಮಿನ್ ಕೆ ವಿರೋಧಿ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಿತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಫಾಸ್ಫೊಲಿಪಿಡ್ ಕಾಯಿಲೆಯಲ್ಲಿ, ಅದನ್ನು ಗುರುತಿಸುವ ಮೂರೂ ರಕ್ತ ಪರೀಕ್ಷೆ ಪಾಸಿಟಿವ್ ಇರುವವರಿಗೂ ಹೊಸ ಗುಂಪು ಬೇಡ.

ಗರ್ಭಿಣಿಯರಿಗೆ ಹೊಸ ಗುಂಪು ಕೊಡುವುದಿಲ್ಲ. ವಾರ್ಫರಿನ್ ಮತ್ತು ಅಸಿಟ್ರಾಮ್ 6ರಿಂದ 12ನೇ ವಾರದಲ್ಲಿ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲವು. ಹಾಗಾಗಿ ಮುಟ್ಟು ತಪ್ಪಿದ ತಕ್ಷಣ ಹೃದ್ರೋಗ ತಜ್ಞರನ್ನು ಕಾಣಬೇಕು. ಹೆಪಾರಿನ್ ಚುಚ್ಚುಮದ್ದಿಗೆ ಬದಲಾಯಿಸುವ ಯೋಜನೆ ಅವರೇ ಹಾಕುತ್ತಾರೆ. ಮಾತ್ರೆಯನ್ನು ಸ್ವಂತವಾಗಿ ನಿಲ್ಲಿಸಿದರೆ ತಾಯಿಯ ವಾಲ್ವ್‌ನಲ್ಲೇ ಹೆಪ್ಪುಗಟ್ಟಬಹುದು. ಹೆರಿಗೆಯ ನಂತರ ಹಾಲೂಡಿಸುವಾಗ ವಾರ್ಫರಿನ್ ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಇನ್ನುಳಿದವರಲ್ಲಿ, ಅಂದರೆ ವಾಲ್ವ್ ತೊಂದರೆಯಿಲ್ಲದ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಇರುವವರು, ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದವರಲ್ಲಿ, ಬಹುತೇಕರಿಗೆ ಹೊಸ ಗುಂಪೇ ಮೇಲು. ಮುಖ್ಯ ಕಾರಣ ಮಿದುಳಿನ ರಕ್ತಸ್ರಾವ: ವಾರ್ಫರಿನ್‌ಗೆ ಹೋಲಿಸಿದರೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೊಟ್ಟೆ, ಕರುಳಿನ ರಕ್ತಸ್ರಾವದಲ್ಲಿ ಮಾತ್ರ ಈ ಲಾಭ ಎಲ್ಲಕ್ಕೂ ಇಲ್ಲ. ಪೂರ್ಣ ಡೋಸಿನ ಡಾಬಿಗಾಟ್ರಾನ್ ಮತ್ತು ರಿವರೋಕ್ಸಬಾನ್‌ನಲ್ಲಿ ಅದು ವಾರ್ಫರಿನ್‌ಗಿಂತ ಹೆಚ್ಚು.

ಒಂದು ಅಪವಾದವನ್ನು ಇಲ್ಲೇ ಹೇಳಬೇಕು. 75 ದಾಟಿದ, ಮೈ ಸೊರಗಿದ, ಹಲವು ಕಾಯಿಲೆಗಳಿರುವ ಹಿರಿಯರು ಹಳೆಯ ಮಾತ್ರೆಯಲ್ಲೇ ಸ್ಥಿರವಾಗಿದ್ದರೆ ಸುಮ್ಮನೆ ಬದಲಾಯಿಸಬಾರದು. ನೆದರ್ಲೆಂಡ್ಸ್‌ನಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಫ್ರೇಲ್-ಎಎಫ್ ಅಧ್ಯಯನದಲ್ಲಿ ಇಂಥವರನ್ನು ಹೊಸ ಮಾತ್ರೆಗೆ ಬದಲಾಯಿಸಿದಾಗ ರಕ್ತಸ್ರಾವ ಹೆಚ್ಚಾಯಿತು. ವರ್ಷಗಟ್ಟಲೆ ಹೊಂದಿಕೊಂಡಿರುವ ಅಜ್ಜನ ಅಸಿಟ್ರಾಮನ್ನು "ಈಗ ಹೊಸದು ಬಂದಿದೆಯಂತೆ" ಎಂದು ಮೊಮ್ಮಕ್ಕಳು ಬದಲಾಯಿಸಲು ಹೋಗುವುದು ಬೇಡ.

ಅಸಿಟ್ರಾಮೋ ವಾರ್ಫರಿನ್ನೋ

ಎರಡೂ ಮಾಡುವ ಕೆಲಸ ಒಂದೇ. ಯಕೃತ್ತು ವಿಟಮಿನ್ ಕೆ ಬಳಸಿ ಮಾಡುವ ಹೆಪ್ಪುಗಟ್ಟಿಸುವ ಅಂಶಗಳನ್ನು ಕಡಿಮೆ ಮಾಡುತ್ತವೆ. ವ್ಯತ್ಯಾಸವಿರುವುದು ದೇಹದಲ್ಲಿ ಉಳಿಯುವ ಸಮಯದಲ್ಲಿ. ವಾರ್ಫರಿನ್ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ಬೇಕು, ಅಸಿನೊಕೌಮರಾಲ್‌ಗೆ 8ರಿಂದ 11 ಗಂಟೆ ಸಾಕು. ಇದರಿಂದ ಎರಡು ಪರಿಣಾಮ. ಒಂದು ದಿನ ಮಾತ್ರೆ ಮರೆತರೆ ಅಸಿಟ್ರಾಮ್‌ನವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಸಂಖ್ಯೆ) ಬೇಗ ಬೀಳುತ್ತದೆ, ವಾರ್ಫರಿನ್‌ನವರದು ನಿಧಾನ. ಶಸ್ತ್ರಚಿಕಿತ್ಸೆಗೆ ನಿಲ್ಲಿಸಬೇಕಾದರೆ ವಾರ್ಫರಿನ್ 5 ದಿನ ಮೊದಲು, ಅಸಿಟ್ರಾಮ್ 2-3 ದಿನ ಮೊದಲು. ಮರೆವು ಹೆಚ್ಚಿರುವವರಿಗೆ ವಾರ್ಫರಿನ್ ಸ್ವಲ್ಪ ಕ್ಷಮಿಸುವ ಮಾತ್ರೆ.

ಮಿಲಿಗ್ರಾಂಗೆ ಮಿಲಿಗ್ರಾಂ ಇವೆರಡೂ ಸಮವಲ್ಲ, ಅಸಿನೊಕೌಮರಾಲ್ ಹೆಚ್ಚು ಪ್ರಬಲ. ಅಂಗಡಿಯಲ್ಲಿ ಒಂದಿಲ್ಲವೆಂದು ಇನ್ನೊಂದರ 2 ಮಿಲಿಗ್ರಾಂ ತರಬಾರದು. ಇನ್ನೊಂದು ಗೊಂದಲ "ಒಂದು ದಿನ 2, ಮರುದಿನ 3" ಎಂಬ ಡೋಸ್‌ನದು. ಯಾವ ದಿನ ಯಾವುದು ಎಂಬುದು ಎರಡನೇ ವಾರಕ್ಕೇ ಮರೆತುಹೋಗುತ್ತದೆ. ಸೋಮ, ಬುಧ, ಶುಕ್ರ 3, ಉಳಿದ ದಿನ 2 ಎಂದು ವಾರದ ಹೆಸರಿನಲ್ಲಿ ಬರೆಸಿಕೊಳ್ಳಿ. ವಾರದ ಒಟ್ಟು 17 ಮಿಲಿಗ್ರಾಂ ಎಂದೂ ಪಕ್ಕದಲ್ಲಿ ಬರೆದಿರಲಿ. ವೈದ್ಯರು ಸರಿಪಡಿಸುವುದು ವಾರದ ಒಟ್ಟು ಲೆಕ್ಕವನ್ನೇ, ಅದನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಶೇ. 10-15ರಷ್ಟು ಬದಲಿಸುತ್ತಾರೆ.

ಮಾತ್ರೆ ಸಂಜೆ ನುಂಗುವುದು ಒಳ್ಳೆಯದು. ಬೆಳಿಗ್ಗೆ ಕೊಟ್ಟ ರಕ್ತದ ಫಲಿತಾಂಶ ಮಧ್ಯಾಹ್ನ ಬಂದರೆ ಅಂದಿನ ಡೋಸನ್ನೇ ಬದಲಿಸಬಹುದು. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಬೇಡ. ತಪ್ಪಿದ್ದನ್ನು ಡೈರಿಯಲ್ಲಿ ಬರೆಯಿರಿ. ಇಲ್ಲವಾದರೆ ಬಿದ್ದ ಐಎನ್‌ಆರ್ ನೋಡಿ ವೈದ್ಯರು ಡೋಸ್ ಹೆಚ್ಚಿಸುತ್ತಾರೆ, ಎರಡು ವಾರದ ನಂತರ ಅದೇ ಡೋಸ್ ಅತಿಯಾಗುತ್ತದೆ.

ಐಎನ್‌ಆರ್ ಗುರಿ ಬಹುತೇಕರಿಗೆ 2ರಿಂದ 3, ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇರುವವರಿಗೆ 2.5ರಿಂದ 3.5. ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ಪ್ರತಿ ಸಲವೂ ಒಂದೇ ಲ್ಯಾಬ್‌ಗೆ ಹೋಗಿ. ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಕೊಳವೆ ಗೆರೆಯವರೆಗೆ ತುಂಬಿದೆಯೇ ಎಂದು ನೀವೇ ನೋಡಬಹುದು. ಅದರಲ್ಲಿ ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಬೇಕು. ಅರ್ಧ ತುಂಬಿದ ಕೊಳವೆಯಲ್ಲಿ ಐಎನ್‌ಆರ್ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಏಕಾಏಕಿ ವಿಚಿತ್ರ ಸಂಖ್ಯೆ ಬಂದು ಮೈಮೇಲೆ ಏನೂ ಲಕ್ಷಣವಿಲ್ಲದಿದ್ದರೆ ಅದೇ ದಿನ ಇನ್ನೊಮ್ಮೆ ತೆಗೆಸಿ.

ಸೊಪ್ಪಿನ ಲೆಕ್ಕ

ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಕೆ, ಅಮೆರಿಕದ ಮಾನದಂಡದಂತೆ, ಹೆಂಗಸರಿಗೆ 90 ಮತ್ತು ಗಂಡಸರಿಗೆ 120 ಮೈಕ್ರೋಗ್ರಾಂ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480, ಕೊತ್ತಂಬರಿ ಸೊಪ್ಪಿನಲ್ಲಿ 310 ಮೈಕ್ರೋಗ್ರಾಂ ಇದೆ. ದಂಟು, ಹರಿವೆ, ರಾಜಗಿರಿ ಜಾತಿಯ ಎಲೆಗಳಲ್ಲಿ ಪಾಲಕ್‌ನದಕ್ಕಿಂತಲೂ ಹೆಚ್ಚು. ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪು, ಕೆಸುವಿನ ಎಲೆ ಎಲ್ಲವೂ ಇದೇ ಸಾಲಿನವು. ಎಲೆಕೋಸು 75ರ ಆಸುಪಾಸು, ಹುರುಳಿಕಾಯಿ 40ರ ಹತ್ತಿರ, ಬೆಂಡೆಕಾಯಿ 30. ಟೊಮೆಟೊ, ಆಲೂಗಡ್ಡೆ, ಈರುಳ್ಳಿ, ಬಾಳೆಹಣ್ಣು, ಅಕ್ಕಿಯಲ್ಲಿ ಲೆಕ್ಕಕ್ಕೆ ಬಾರದಷ್ಟು. ಎಣ್ಣೆಗಳಲ್ಲಿ ಸೋಯಾ ಎಣ್ಣೆಯಲ್ಲಿ ಜಾಸ್ತಿ, ಶೇಂಗಾ ಮತ್ತು ಕೊಬ್ಬರಿ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಈ ಅಂಕಿ ನೋಡಿ ಸೊಪ್ಪು ಬಿಟ್ಟವರ ಐಎನ್‌ಆರ್ ಹೆಚ್ಚು ಹೊಯ್ದಾಡುತ್ತದೆ. ದೇಹದಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಡಿಮೆಯಿದ್ದರೆ, ಮದುವೆ ಮನೆಯಲ್ಲಿ ತಿಂದ ಒಂದು ಪಾಲಕ್ ಪನ್ನೀರ್ ಕೂಡ ಸಂಖ್ಯೆಯನ್ನು ಕೆಳಗೆಳೆಯುತ್ತದೆ. ದಿನವೂ ಒಂದಿಷ್ಟು ತಿನ್ನುವವರಿಗೆ ಅದೇ ಪಲ್ಯ ಅಷ್ಟೇನೂ ಮಾಡದು. ನೀವು ಹೇಗೆ ಉಣ್ಣುತ್ತೀರೋ ಹಾಗೆಯೇ ಉಣ್ಣಿ, ಆ ಊಟಕ್ಕೆ ತಕ್ಕಂತೆ ವೈದ್ಯರು ಡೋಸ್ ಕೂರಿಸುತ್ತಾರೆ. ಜೋಳದ ರೊಟ್ಟಿ ಜೊತೆ ಹಸಿ ಹಕ್ಕರಕಿ, ಮೆಂತ್ಯ ತಿನ್ನುವ ಬಿಜಾಪುರದವರ ಡೋಸ್, ಅನ್ನ-ತಿಳಿಸಾರಿನವರ ಡೋಸ್‌ಗಿಂತ ಹೆಚ್ಚಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಪಾಲಿಸಲು ಸುಲಭವಾದ ಅಳತೆ: ಬೆಂದ ಸೊಪ್ಪು ವಾರಕ್ಕೆ ಮೂರು ಸಲ, ಸಲಕ್ಕೆ ಅರ್ಧ ಬಟ್ಟಲು, ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಈಗಾಗಲೇ ದಿನವೂ ತಿನ್ನುತ್ತಿದ್ದರೆ ದಿನವೂ ಇರಲಿ. ಬಸ್ಸಾರಿಗೆಂದು ಬಸಿದ ನೀರಿನಲ್ಲಿ ವಿಟಮಿನ್ ಕೆ ಹೊರಟುಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್, ನೀರಿಗೆ ಬಿಡುವುದು ಅತ್ಯಲ್ಪ. ಪಲ್ಯದಲ್ಲೇ ಉಳಿಯುತ್ತದೆ. ಒಗ್ಗರಣೆಯ ಎಣ್ಣೆ, ಕಾಯಿತುರಿ ಸೇರಿದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಸಾರಿನ ಮೇಲೆ ಉದುರಿಸುವ ಕೊತ್ತಂಬರಿ, ಒಗ್ಗರಣೆಯ ಕರಿಬೇವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಟ್ಟಲು ತುಂಬ ಕೊತ್ತಂಬರಿ ಚಟ್ನಿ ಮಾತ್ರ ಸೊಪ್ಪಿನ ಲೆಕ್ಕಕ್ಕೇ ಸೇರಬೇಕು.

ತೊಂದರೆ ಬರುವುದು ಬದಲಾವಣೆಯ ದಿನಗಳಲ್ಲಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಸಾಲು ಸಾಲು ಪತ್ರೊಡೆ, ತಂಬುಳಿ. ತೂಕ ಇಳಿಸಲು ಶುರುಮಾಡಿದ ಹಸಿರು ಜ್ಯೂಸ್, ನುಗ್ಗೆ ಸೊಪ್ಪಿನ ಪುಡಿ, ಗೋಧಿ ಹುಲ್ಲಿನ ರಸ. ಇವು ಐಎನ್‌ಆರ್ ಇಳಿಸುತ್ತವೆ. ನವರಾತ್ರಿಯ ಉಪವಾಸ, ರಂಜಾನ್, ಜ್ವರ, ಭೇದಿ, ಆಸ್ಪತ್ರೆಯಲ್ಲಿ ಗಂಜಿಯ ಮೇಲೆ ಕಳೆದ ವಾರ ಅದನ್ನು ಏರಿಸುತ್ತವೆ. ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಹಾಗಾಗಿ ಇಂಥ ಬದಲಾವಣೆ ಶುರುವಾದ ನಾಲ್ಕೈದು ದಿನಕ್ಕೆ ಒಂದು ಹೆಚ್ಚುವರಿ ಪರೀಕ್ಷೆ ಮಾಡಿಸಿ.

ಅಡುಗೆಮನೆಗಿಂತ ಹೆಚ್ಚು ಕಾಟ ಕೊಡುವುದು ಮೂಳೆಗೆಂದು ಕೊಡುವ ಕ್ಯಾಲ್ಸಿಯಂ-ಡಿ3 ಮಾತ್ರೆಗಳು. ಅವುಗಳಲ್ಲಿ ಕೆಲವಕ್ಕೆ ವಿಟಮಿನ್ ಕೆ2-7 ಸೇರಿಸಿರುತ್ತಾರೆ. ಕೆ2-7 ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ಸಣ್ಣ ಪ್ರಮಾಣದಲ್ಲೂ ಐಎನ್‌ಆರ್ ಇಳಿಸುತ್ತದೆ. ಮಂಡಿನೋವಿಗೆ ಹೋದವರ ಚೀಟಿಯಲ್ಲಿ ಇದು ಸದ್ದಿಲ್ಲದೆ ಸೇರಿಬಿಡುತ್ತದೆ. ಡಬ್ಬಿಯ ಸಣ್ಣ ಅಕ್ಷರ ಓದಿ, ಕೆ2 ಇಲ್ಲದ ಕ್ಯಾಲ್ಸಿಯಂ ಕೇಳಿ.

ಅಡುಗೆಯ ಅರಿಶಿನ, ಶುಂಠಿ, ಬೆಳ್ಳುಳ್ಳಿ ಸರಿ. ಕರ್ಕ್ಯುಮಿನ್ ಕ್ಯಾಪ್ಸೂಲ್, ಬೆಳ್ಳುಳ್ಳಿ ಮಾತ್ರೆ, ದಿನವೂ ಕುದಿಸಿ ಕುಡಿಯುವ ಗಾಢ ಕಷಾಯ ಬೇಡ. ಇವು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು, ಹೊಸ ಗುಂಪಿನ ಮಾತ್ರೆಯವರಿಗೂ ಇದು ಅನ್ವಯಿಸುತ್ತದೆ. ಒಂದೇ ಸಲ ಹೆಚ್ಚು ಮದ್ಯ ಕುಡಿದರೆ ಐಎನ್‌ಆರ್ ಏರುತ್ತದೆ, ವರ್ಷಗಟ್ಟಲೆ ದಿನವೂ ಕುಡಿಯುವವರಲ್ಲಿ ಇಳಿಯಬಹುದು. ಬೀಳುವ ಅಪಾಯವಂತೂ ಎರಡೂ ಗುಂಪಿಗೆ ಒಂದೇ.

ಹೊಸ ಗುಂಪಿಗೂ ಅದರದೇ ಪಥ್ಯವಿದೆ

ಸೊಪ್ಪಿನ ಲೆಕ್ಕ ಇಲ್ಲ ನಿಜ. ಆದರೆ ರಿವರೋಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆಯನ್ನು ಹೊಟ್ಟೆ ತುಂಬ ಊಟದ ಜೊತೆಯೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ 20 ಮಿಲಿಗ್ರಾಂ ನುಂಗಿದರೆ ಮೂರನೇ ಎರಡರಷ್ಟು ಮಾತ್ರ ಮೈಗೆ ಹತ್ತುತ್ತದೆ. ಬೆಳಿಗ್ಗೆ ಎರಡು ಬಿಸ್ಕತ್ತಿನ ಜೊತೆ ನುಂಗುವವರು ಕಡಿಮೆ ಡೋಸಿನಲ್ಲೇ ಬದುಕುತ್ತಿರುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಕೊಟ್ಟಿದ್ದರೆ ರಾತ್ರಿಯೂಟಕ್ಕೆ ಹೊಂದಿಸಿ. ರಾತ್ರಿ ಊಟ ಬಿಟ್ಟು ಫಲಾಹಾರ ಮಾಡುವವರು ಮಧ್ಯಾಹ್ನದ ಊಟಕ್ಕೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ಡಾಬಿಗಾಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಪುಡಿಯನ್ನು ನೀರಿಗೆ ಹಾಕಿ ಕುಡಿಸಬಾರದು. ಹಾಗೆ ಮಾಡಿದರೆ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ನುಂಗಲಾರದವರಿಗೆ, ಮೂಗಿನ ನಳಿಕೆ ಇರುವವರಿಗೆ ಈ ಮಾತ್ರೆ ಸರಿಹೋಗದು, ಅಪಿಕ್ಸಬಾನ್ ಪುಡಿಮಾಡಿ ಕೊಡಬಹುದು. ಡಾಬಿಗಾಟ್ರಾನ್ ತೇವ ಹಿಡಿದರೆ ಕೆಡುತ್ತದೆ. ವಾರದ ಪ್ಲಾಸ್ಟಿಕ್ ಡಬ್ಬಿಗೆ ಸುರಿಯದೆ ಅದರದೇ ಪೊಟ್ಟಣದಲ್ಲಿಡಿ, ಕರಾವಳಿಯ ಮಳೆಗಾಲದಲ್ಲಂತೂ ಖಂಡಿತ. ಎದೆಯುರಿ ಇದರ ಸಾಮಾನ್ಯ ತೊಂದರೆ, ದೊಡ್ಡ ಲೋಟ ನೀರಿನೊಡನೆ ನೆಟ್ಟಗೆ ಕುಳಿತು ನುಂಗಿ.

ಈ ಗುಂಪಿನಲ್ಲಿ ಆಯ್ಕೆಯನ್ನು ಹೆಚ್ಚಾಗಿ ನಿರ್ಧರಿಸುವುದು ಕಿಡ್ನಿ. ಡಾಬಿಗಾಟ್ರಾನ್‌ನ ಸುಮಾರು 80 ಪಾಲು ಕಿಡ್ನಿಯ ಮೂಲಕ ಹೋಗುತ್ತದೆ, ಅಪಿಕ್ಸಬಾನ್‌ನ ಸುಮಾರು 27 ಪಾಲು ಮಾತ್ರ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕುಗ್ಗಿದವರಿಗೆ, ವಯಸ್ಸಾದವರಿಗೆ ಅಪಿಕ್ಸಬಾನ್ ಹೆಚ್ಚು ಸೂಕ್ತ. ಐಎನ್‌ಆರ್ ಇಲ್ಲವೆಂದರೆ ಪರೀಕ್ಷೆಯೇ ಇಲ್ಲವೆಂದಲ್ಲ. ವರ್ಷಕ್ಕೊಮ್ಮೆಯಾದರೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಹಿಮೋಗ್ಲೋಬಿನ್ ನೋಡಬೇಕು, 75 ದಾಟಿದವರಿಗೆ ಆರು ತಿಂಗಳಿಗೊಮ್ಮೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಶೋಧಿಸುತ್ತದೆ ಎಂಬ ಲೆಕ್ಕ) 60ಕ್ಕಿಂತ ಕಡಿಮೆಯಿದ್ದರೆ ಅದನ್ನು 10ರಿಂದ ಭಾಗಿಸಿ, ಬಂದಷ್ಟು ತಿಂಗಳಿಗೊಮ್ಮೆ: 40 ಇದ್ದರೆ ನಾಲ್ಕು ತಿಂಗಳು.

ಅಪಿಕ್ಸಬಾನ್ ಸಾಮಾನ್ಯ ಡೋಸ್ 5 ಮಿಲಿಗ್ರಾಂ ದಿನಕ್ಕೆರಡು ಸಲ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಅದನ್ನು 2.5ಕ್ಕೆ ಇಳಿಸಲು ಮೂರರಲ್ಲಿ ಎರಡಾದರೂ ಇರಬೇಕು: ವಯಸ್ಸು 80 ಅಥವಾ ಹೆಚ್ಚು, ತೂಕ 60 ಕಿಲೋ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು. "ಸುರಕ್ಷಿತವಾಗಿರಲಿ" ಎಂದು ಸುಮ್ಮನೆ ಇಳಿಸಿದ ಡೋಸ್ ಪಾರ್ಶ್ವವಾಯುವಿನಿಂದ ರಕ್ಷಣೆ ಕೊಡದು. ಇವುಗಳ ಪ್ರಭಾವ ಒಂದು ದಿನದಲ್ಲೇ ಇಳಿದುಹೋಗುವುದರಿಂದ ತಿಂಗಳ ಕೊನೆಗೆ ಮಾತ್ರೆ ಮುಗಿದು ನಾಲ್ಕು ದಿನ ಬಿಟ್ಟರೆ ಆ ನಾಲ್ಕು ದಿನವೂ ರಕ್ಷಣೆಯಿಲ್ಲ. ಹಲವು ಕಂಪನಿಗಳ ಜೆನೆರಿಕ್ ಬಂದ ಮೇಲೆ ಬೆಲೆ ಇಳಿದಿದೆ. ಆದರೂ ತಿಂಗಳ ಖರ್ಚನ್ನು ವರ್ಷವಿಡೀ ತೂಗಿಸಲಾಗುವುದಿಲ್ಲ ಎನಿಸಿದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ನಿಯಮಿತವಾಗಿ ನುಂಗುವ ಅಸಿಟ್ರಾಮ್ ಬಿಟ್ಟು ಬಿಟ್ಟು ನುಂಗುವ ಅಪಿಕ್ಸಬಾನ್‌ಗಿಂತ ಮೇಲು.

ಔಷಧ ಅಂಗಡಿಯಲ್ಲಿ, ಕ್ಲಿನಿಕ್ಕಿನಲ್ಲಿ

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಎರಡೂ ಗುಂಪಿಗೆ ಬೇಡ. ಹೊಟ್ಟೆಯ ಒಳಪದರ ಕೆರೆದು ರಕ್ತಸ್ರಾವ ತರಿಸುವುದರಲ್ಲಿ ಇವು ಮುಂದು. ಪ್ಯಾರಾಸಿಟಮಾಲ್ ಸರಿ, ಅದಕ್ಕೂ ಮಿತಿಯಿದೆ: 650ರ ಮಾತ್ರೆ ದಿನಕ್ಕೆ ಮೂರು ಎಂದರೆ ಸುಮಾರು 2 ಗ್ರಾಂ, ಇಷ್ಟನ್ನು ಸತತ ಮೂರು ನಾಲ್ಕು ದಿನ ತೆಗೆದುಕೊಂಡರೆ ವಾರ್ಫರಿನ್, ಅಸಿಟ್ರಾಮ್‌ನವರ ಐಎನ್‌ಆರ್ ಏರಬಹುದು. ಮಂಡಿಗೆ ದಿನವೂ ದಪ್ಪನಾಗಿ ಹಚ್ಚುವ, ಮೀಥೈಲ್ ಸ್ಯಾಲಿಸಿಲೇಟ್ ಇರುವ ನೋವಿನ ಮುಲಾಮೂ ಅದನ್ನೇ ಮಾಡಬಲ್ಲದು.

ಬಾಯಿಯ ಶಿಲೀಂಧ್ರ ಸೋಂಕಿಗೆ ಕೊಡುವ ಮೈಕೊನಜೋಲ್ ಜೆಲ್ ನೋಡಲು ಸಾಧು, ಐಎನ್‌ಆರನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಮೂತ್ರದ ಸೋಂಕಿಗೆ ಕೊಡುವ ಕೊಟ್ರಿಮಾಕ್ಸಜೋಲ್ ಕೂಡ. ಹುಳುಕಡ್ಡಿಗೆ ಚರ್ಮದ ವೈದ್ಯರು ಬರೆಯುವ ಇಟ್ರಾಕೊನಜೋಲ್ ಎರಡೂ ಗುಂಪಿನ ಮಾತ್ರೆಗಳ ಬಲ ಹೆಚ್ಚಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಹೊಸ ಗುಂಪಿನ ಬಲವನ್ನು ಕುಗ್ಗಿಸುತ್ತವೆ. ಡೋಸ್ ಹೆಚ್ಚಿಸಿ ಸರಿದೂಗಿಸುವ ದಾರಿ ಅಲ್ಲಿಲ್ಲ. ಇಂಥವರಿಗೆ ಐಎನ್‌ಆರ್ ನೋಡಿ ಹೊಂದಿಸಬಹುದಾದ ಹಳೆಯ ಮಾತ್ರೆಯೇ ಅನುಕೂಲ.

ಜ್ವರವೆಂದು ಹೋದಲ್ಲಿ ಸೊಂಟಕ್ಕೆ ಇಂಜೆಕ್ಷನ್ ಕೊಡಲು ಬಂದರೆ, "ರಕ್ತ ತೆಳು ಮಾಡೋ ಮಾತ್ರೆ ತಗೋತೀನಿ" ಎಂದು ಮೊದಲೇ ಹೇಳಿ. ಸ್ನಾಯುವಿನೊಳಗೆ ರಕ್ತ ತುಂಬಿ ಗಡ್ಡೆ ಕಟ್ಟುತ್ತದೆ. ಡೆಂಗಿ ಕಾಲದಲ್ಲಿ ಎರಡನೇ ದಿನಕ್ಕೇ ಪ್ಲೇಟ್‌ಲೆಟ್ ನೋಡಿಸಿ. ಅದು 50,000ಕ್ಕಿಂತ ಇಳಿದರೆ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ಆಸ್ಪತ್ರೆಯಲ್ಲೇ ತೀರ್ಮಾನಿಸಬೇಕು. ಒಂದು ಹಲ್ಲು ಕೀಳಿಸಲು ಸಾಮಾನ್ಯವಾಗಿ ಹಳೆಯ ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ. ಹಿಂದಿನ ದಿನದ ಐಎನ್‌ಆರ್ 3ರೊಳಗಿದ್ದರೆ ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್‌ನಿಂದ ಬಾಯಿ ಮುಕ್ಕಳಿಸಿ ನಿಭಾಯಿಸುತ್ತಾರೆ. ಹಲ್ಲಿನ ವೈದ್ಯರು ನಿಲ್ಲಿಸಿ ಎಂದರೆ ಹೃದ್ರೋಗ ತಜ್ಞರನ್ನು ಕೇಳಿ ಆಮೇಲೆ ನಿಲ್ಲಿಸಿ, ಕೃತಕ ವಾಲ್ವ್ ಇರುವವರಂತೂ ಕೇಳದೆ ಒಂದು ದಿನವೂ ಬಿಡಬೇಡಿ.

ಹಳೆಯ ಗುಂಪಿನಿಂದ ಹೊಸದಕ್ಕೆ ಬದಲಾಯಿಸುವಾಗ ಹಳೆಯದನ್ನು ನಿಲ್ಲಿಸಿ, ಐಎನ್‌ಆರ್ 2ಕ್ಕಿಂತ ಇಳಿದ ಮೇಲೆ ಅಪಿಕ್ಸಬಾನ್ ಅಥವಾ ಡಾಬಿಗಾಟ್ರಾನ್ ಶುರು ಮಾಡುತ್ತಾರೆ. ಮನೆಯಲ್ಲಿ ಉಳಿದ ಅಸಿಟ್ರಾಮ್ ಸ್ಟ್ರಿಪ್‌ಗಳನ್ನು ಅದೇ ದಿನ ಬೇರೆ ಎತ್ತಿಡಿ. ಎರಡನ್ನೂ ಒಟ್ಟಿಗೆ ನುಂಗಿ ಆಸ್ಪತ್ರೆ ಸೇರುವುದು ಹೀಗೇ.

ಮೂಗಿನಲ್ಲಿ ರಕ್ತ ಬಂದರೆ ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೆತ್ತನೆಯ ಭಾಗವನ್ನು ಬಿಡದೆ 15 ನಿಮಿಷ ಅದುಮಿ ಹಿಡಿಯಿರಿ, ನಿಲ್ಲದಿದ್ದರೆ ಆಸ್ಪತ್ರೆಗೆ. ಟಾರಿನಂತೆ ಕಪ್ಪಗೆ ಅಂಟಂಟಾದ ಮಲ, ಕೆಂಪು ಮೂತ್ರ, ಏಟಿಲ್ಲದೆ ಮೂಡುವ ದೊಡ್ಡ ನೀಲಿ ಗುರುತು, ಹಿಂದೆಂದೂ ಬಾರದಂಥ ತಲೆನೋವು ಕಂಡರೆ ಅದೇ ದಿನ ಹೋಗಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಬೀಟ್‌ರೂಟ್‌ನಿಂದ ಮೂತ್ರ ಕೆಂಪಾಗಬಹುದು. ಅನುಮಾನವಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಬಚ್ಚಲಲ್ಲಿ ಜಾರಿ ತಲೆಗೆ ಏಟು ಬಿದ್ದರೆ ಗಾಯ ಕಾಣದಿದ್ದರೂ, ಮಾತು ಸರಿಯಿದ್ದರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ವಾರ್ಫರಿನ್, ಅಸಿಟ್ರಾಮ್‌ಗೆ ಪ್ರತಿಮದ್ದು ವಿಟಮಿನ್ ಕೆ ಮತ್ತು ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರಣ, ಡಾಬಿಗಾಟ್ರಾನ್‌ಗೆ ಇಡಾರುಸಿಜುಮ್ಯಾಬ್. ಯಾವುದನ್ನು ಕೊಡಬೇಕೆಂದು ಅಲ್ಲಿಯವರಿಗೆ ತಿಳಿಯಲು ಮಾತ್ರೆಯ ಹೆಸರು, ಡೋಸ್, ಕೊನೆಯದಾಗಿ ನುಂಗಿದ ಗಂಟೆ ಬೇಕೇ ಬೇಕು. ಮೊದಲೆರಡನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಎಷ್ಟು ಗಂಟೆಗೆ ನುಂಗುತ್ತೀರಿ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.